ಬೇಗ ಬೆಳೆಯುವ ಮರ ಕೇಳುವ ಮೊದಲು ಜಾಗ ಅಳೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಬೇಗ ಬೆಳೆದು ದೊಡ್ಡ ನೆರಳು ಕೊಡುವ ಮರದ ಹೆಸರು ಹೇಳಿ ಅಂತ. ಹಿಂದೆ ಎರಡು ಮೂರು ಸಲ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟಿದ್ದೆ. ಮತ್ತೆ ಮತ್ತೆ ಅದೇ ಬರುತ್ತಿದೆ. ಹಾಗಾಗಿ ಇವತ್ತು ಅದಕ್ಕೇ ಹೆಚ್ಚಿನ ಜಾಗ. ನೀರು, ಗೊಬ್ಬರ, ಬೇಲಿ ಇವೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆಯ ಪಶ್ಚಿಮದ ಗೋಡೆ ಮಧ್ಯಾಹ್ನದ ಮೇಲೆ ಕಾದ ಹೆಂಚಿನ ಹಾಗೆ ಆಗುತ್ತದೆ. ಆ ಕಡೆ ನಲವತ್ತು ಅಡಿ ಖಾಲಿ ಜಾಗ ಇದೆ. ಗೋಡೆಗೆ ಎಂಟು ಅಡಿ ದೂರದಲ್ಲಿ ಮರ ನೆಟ್ಟರೆ ಬೇಗ ನೆರಳು ಬೀಳುತ್ತದೆ ಅಂದುಕೊಂಡಿದ್ದೇವೆ. ಮಳೆಮರ ಇಲ್ಲವೇ ಗುಲ್‌ಮೊಹರ್ ಹಾಕಿ ಅಂತ ಸಸಿ ಮಾರುವವರು ಹೇಳಿದರು. ಹತ್ತು ಅಡಿ ಎತ್ತರದ ಗಿಡವೇ ಸಿಗುತ್ತದಂತೆ. ತರಬಹುದಾ?

ತರಬೇಡಿ. ಮರವೂ ಸರಿಯಿಲ್ಲ, ದೂರವೂ ಸರಿಯಿಲ್ಲ, ಗಿಡದ ಎತ್ತರವೂ ಸರಿಯಿಲ್ಲ. ನಿಮ್ಮ ಯೋಚನೆಯಲ್ಲಿ ಸರಿ ಇರುವುದು ಒಂದೇ, ಪಶ್ಚಿಮ ದಿಕ್ಕು. ಅದಕ್ಕೆ ಮಾತ್ರ ನಿಮ್ಮನ್ನು ಮೆಚ್ಚುತ್ತೇನೆ. ಹೆಚ್ಚಿನವರು ಗೇಟಿನ ಪಕ್ಕ ಚೆಂದ ಕಾಣುತ್ತದೆ ಅಂತ ನೆಟ್ಟು, ಆಮೇಲೆ ಮನೆ ತಂಪಾಗಲಿಲ್ಲ ಅಂತ ಬರೆಯುತ್ತಾರೆ.

ಮೊದಲು ದೂರದ ಮಾತು. ಮರ ಗೋಡೆಗೆ ಹತ್ತಿರ ಇದ್ದಷ್ಟೂ ನೆರಳು ಜಾಸ್ತಿ ಅನ್ನುವುದು ತಪ್ಪು ಲೆಕ್ಕ. ಗೋಡೆ ಕಾಯುವುದು ಸೂರ್ಯ ಇಳಿಯುವ ಹೊತ್ತಿನಲ್ಲಿ. ಆಗ ಬಿಸಿಲು ಓರೆಯಾಗಿ ಬರುತ್ತದೆ. ಸೂರ್ಯ ಆಕಾಶದ ಅರ್ಧ ಎತ್ತರಕ್ಕೆ, ಅಂದರೆ 45 ಡಿಗ್ರಿಗೆ ಬಂದಾಗ 30 ಅಡಿ ಮರದ ನೆರಳು 30 ಅಡಿ ಉದ್ದ ಚಾಚುತ್ತದೆ. 30 ಡಿಗ್ರಿಗೆ ಇಳಿದರೆ ಅದೇ ಮರದ ನೆರಳು 50 ಅಡಿ ದಾಟುತ್ತದೆ. ಇಪ್ಪತ್ತೈದು ಅಡಿ ದೂರದ ಮರ ನಿಮ್ಮ ಗೋಡೆಯನ್ನು ಆರಾಮಾಗಿ ಮುಚ್ಚುತ್ತದೆ. ಎಂಟು ಅಡಿಯಲ್ಲಿ ನೆಟ್ಟರೆ ಕೊಂಬೆ ಗೋಡೆಗೆ ಉಜ್ಜುತ್ತದೆ, ಎಲೆ ಚಾವಣಿಯ ನೀರಿನ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಹತ್ತು ವರ್ಷಕ್ಕೆ ಒಂದು ಕಡೆಯ ಕೊಂಬೆಗಳನ್ನೆಲ್ಲ ಕಡಿಸಬೇಕಾಗುತ್ತದೆ. ಒಂದೇ ಕಡೆ ಭಾರ ಇರುವ ಮರಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಅದನ್ನು ನೀವೇ ಕೈಯಾರೆ ಮಾಡಿಕೊಂಡ ಹಾಗೆ ಆಗುತ್ತದೆ.

ನಂಬಿಕೆ ಬರಲಿಲ್ಲ ಅಂದರೆ ಹೀಗೆ ಮಾಡಿ. ಸಂಜೆ ನಾಲ್ಕು ಗಂಟೆಗೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ ಮೀಟರಿನಲ್ಲೇ ಅಳೆಯಿರಿ. ಆ ಅಳತೆಯನ್ನು ಮರದ ಎತ್ತರದಿಂದ ಗುಣಿಸಿ. ಐದು ನಿಮಿಷದ ಕೆಲಸ. ಸಸಿ ಕೊಳ್ಳುವ ಮೊದಲು ಇದನ್ನು ಮಾಡಿದವರನ್ನು ನಾನು ಇನ್ನೂ ನೋಡಿಲ್ಲ.

ಇನ್ನೊಂದು ಅಳತೆ ಹಗ್ಗದ್ದು. ಮರ ನೆಡಬೇಕು ಅಂದುಕೊಂಡ ಜಾಗದಲ್ಲಿ ಗೂಟ ಹೊಡೆಯಿರಿ. ಆ ಜಾತಿಯ ಮರ ಪೂರ್ತಿ ಬೆಳೆದಾಗ ಎಷ್ಟು ಅಗಲ ಹರಡುತ್ತದೋ ಅದರ ಅರ್ಧದಷ್ಟು ಉದ್ದದ ಹಗ್ಗ ಕಟ್ಟಿ ಸುತ್ತು ಬನ್ನಿ. ಆ ಸುತ್ತಿನೊಳಗೆ ಗೋಡೆ, ವಿದ್ಯುತ್ ತಂತಿ, ಪಕ್ಕದವರ ಕಾಂಪೌಂಡ್ ಬಂದರೆ ಮರ ಬದಲಿಸಿ, ಇಲ್ಲವೇ ಜಾಗ ಬದಲಿಸಿ. ಮಳೆಮರಕ್ಕೆ ಈ ಹಗ್ಗ 50 ಅಡಿ ಬೇಕು! ಬಯಲಲ್ಲಿ ಬೆಳೆದ ಮಳೆಮರ ನೂರು ಅಡಿ ಅಗಲ ಹರಡುತ್ತದೆ. ನಲವತ್ತು ಅಡಿ ಜಾಗಕ್ಕೆ ಅದನ್ನು ಹೇಳಿದವರಿಗೆ ಸಸಿ ಖಾಲಿಯಾದರೆ ಸಾಕಿತ್ತು ಅಂತ ಕಾಣುತ್ತದೆ. ಮೈದಾನಕ್ಕೆ, ಅಗಲ ರಸ್ತೆಗೆ ಅದು ಒಳ್ಳೆಯ ಮರ. ಮನೆ ಅಂಗಳಕ್ಕೆ ಅಲ್ಲ.

ಗುಲ್‌ಮೊಹರ್ ವಿಷಯಕ್ಕೆ ಬರೋಣ. ಮಡಗಾಸ್ಕರ್‌ನಿಂದ ಲೋಕವೆಲ್ಲ ಹಬ್ಬಿದ ಮರ ಅದು. ಹೂವಿನ ಚೆಂದ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬೇರು ಮೇಲುಮೇಲೆ ಓಡುತ್ತದೆ, ಕೊಂಬೆ ಪೆಳಸು. ಬೇಸಿಗೆ ಒಣದಾಗಿರುವ ಕಡೆ ನಿಮಗೆ ನೆರಳು ಬೇಕಾದ ಹೊತ್ತಿಗೇ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ನೆರಳಿಗೆ ಅಂತ ಅದನ್ನು ನೆಡುವುದರಲ್ಲಿ ಅರ್ಥ ಇಲ್ಲ.

ಈಗ ‘ಬೇಗ’ ಅನ್ನುವ ಮಾತು. ಬೇಗ ಬೆಳೆಯುವ ಜಾತಿಗಳಲ್ಲಿ ಹೆಚ್ಚಿನವು ತಮ್ಮ ಶಕ್ತಿಯನ್ನೆಲ್ಲ ಎತ್ತರಕ್ಕೇ ಸುರಿಯುತ್ತವೆ. ಮರ ಹಗುರ, ಗಟ್ಟಿತನ ಕಡಿಮೆ. ಗಾಳಿಗೆ ಮೊದಲು ಮುರಿಯುವುದು ಅವೇ. ಸಿಲ್ವರ್ ಓಕ್, ನೀರುಕಾಯಿ ಮರ ಈ ಸಾಲಿನವು. ತೋಟದ ಬದುವಿನಲ್ಲಿ ಅವು ಇರಲಿ, ಮಕ್ಕಳು ಆಡುವ ಜಾಗದ ಮೇಲೆ ಬೇಡ. ಇದರಲ್ಲಿ ನಾನು ಬೇರೆಯವರಿಗಿಂತ ಜಾಸ್ತಿ ಹೆದರುತ್ತೇನೆ ಅಂತ ಅನ್ನಿಸಿದರೆ ಅನ್ನಿಸಲಿ. ಬಿದ್ದ ಮರಗಳನ್ನು ನೋಡಲು ಹೋಗುವುದೂ ನನ್ನ ಕೆಲಸ.

ಹತ್ತು ಅಡಿ ಗಿಡದ ಆಸೆಯನ್ನೂ ಬಿಡಿ. ಹಿಂದೆ ಒಬ್ಬರ ಮನೆಗೆ ನಾನೇ ಆರಿಸಿ ನೆಡಿಸಿದ ಬೇವು ಇತ್ತು. ನೆಡುವಾಗಲೇ ಹನ್ನೆರಡು ಅಡಿ. ಒಂಬತ್ತನೇ ವರ್ಷ ಒಂದು ಮಳೆಗಾಳಿಗೆ ಬುಡಸಮೇತ ಉರುಳಿತು. ಕೆಳಗೆ ಯಾರೂ ಇರಲಿಲ್ಲ. ಬುಡ ನೋಡಿದೆ. ಒಂಬತ್ತು ವರ್ಷ ಆದರೂ ಬೇರುಗಳು ಆ ಹಳೇ ಕವರಿನ ಆಕಾರದಲ್ಲೇ ಸುತ್ತಿಕೊಂಡಿದ್ದವು, ಹಗ್ಗದ ಸಿಂಬಿಯ ಹಾಗೆ. ಹೊರಗಿನ ಮಣ್ಣಿಗೆ ಹೋದದ್ದು ನಾಲ್ಕಾರು ಎಳೆ ಮಾತ್ರ. ಕವರಿನಲ್ಲಿ ವರ್ಷಗಟ್ಟಲೆ ಉಳಿದ ಗಿಡ ಇದು. ಮೇಲೆ ಎತ್ತರ, ಕೆಳಗೆ ಗಂಟು. ಅವತ್ತು ನಾನು ಕವರ್ ಬಿಚ್ಚಿ ಬೇರು ನೋಡಲಿಲ್ಲ. ಅಂದಿನಿಂದ ಬೇರು ನೋಡದೆ ಒಂದು ಸಸಿಯನ್ನೂ ನಾನು ಒಪ್ಪಿಲ್ಲ.

ಎರಡರಿಂದ ನಾಲ್ಕು ಅಡಿಯ ಎಳೆಯ ಸಸಿ ತನ್ನಿ. ಕವರ್ ಬಿಚ್ಚಿ ನೋಡಿ. ಸುತ್ತಿಕೊಂಡ ಸಣ್ಣ ಬೇರು ಇದ್ದರೆ ಚೂಪಾದ ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಹೊರಕ್ಕೆ ಹರಡಿ. ಹೆಬ್ಬೆರಳು ದಪ್ಪದ ಬೇರೇ ಬುಡ ಸುತ್ತಿದ್ದರೆ ಆ ಗಿಡ ವಾಪಸ್ ಕೊಡಿ, ಬಿಟ್ಟಿ ಕೊಟ್ಟರೂ ಬೇಡ. ಒಂದೇ ನೇರ ಕಾಂಡ ಇರಬೇಕು. ಬುಡದಲ್ಲೇ ಎರಡು ಸಮ ಕವಲಾಗಿ, ಆ ಕವಲು ಕಿರಿದಾದ ಸಂದಿನ ಹಾಗಿದ್ದರೆ ದೊಡ್ಡದಾದ ಮೇಲೆ ಸಂದಿನಲ್ಲಿ ತೊಗಟೆ ಸಿಕ್ಕಿಕೊಂಡು ಮರ ಸೀಳುತ್ತದೆ. ಹೀಗೆ ಆರಿಸಿದ ಸಣ್ಣ ಸಸಿ ಕೆಲವೇ ವರ್ಷದಲ್ಲಿ ಹತ್ತಡಿ ಗಿಡದ ಸಮಕ್ಕೆ ಬರುತ್ತದೆ. ದೊಡ್ಡ ಗಿಡ ಕಿತ್ತು ನೆಟ್ಟ ಏಟಿನಿಂದ ಸುಧಾರಿಸಿಕೊಳ್ಳಲೇ ಒಂದೆರಡು ವರ್ಷ ತಗೊಳ್ಳುತ್ತದೆ, ಇದು ಅಷ್ಟರಲ್ಲಿ ಬೇರು ಬಿಟ್ಟಿರುತ್ತದೆ.

ಗುಂಡಿಯ ವಿಷಯದಲ್ಲಿ ಒಂದೇ ಮಾತು, ಇದರಲ್ಲಿ ಎಲ್ಲರೂ ತಪ್ಪುತ್ತಾರೆ. ಗುಂಡಿ ಅಗಲ ಇರಲಿ, ಆಳ ಬೇಡ. ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ, ಆಳ ಮಾತ್ರ ಅದರಷ್ಟೇ. ಆಳ ತೋಡಿ ಸಡಿಲ ಮಣ್ಣು, ಗೊಬ್ಬರ ತುಂಬಿದರೆ ಎರಡು ಮಳೆಗೆ ಗಿಡ ಕುಸಿದು ಬುಡ ಹೂತುಹೋಗುತ್ತದೆ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಣ್ಣಿಗೆ ಕಾಣಬೇಕು. ಕಂಬದ ಹಾಗೆ ನೇರ ಮಣ್ಣೊಳಗೆ ಇಳಿದಿದ್ದರೆ ಆಳ ಜಾಸ್ತಿಯಾಗಿದೆ ಅಂತ ಅರ್ಥ. ಅಲ್ಲಿ ತೊಗಟೆ ಕೊಳೆಯುತ್ತದೆ.

ಹಾಗಾದರೆ ಯಾವ ಮರ? ನಿಮ್ಮ ಜಾಗಕ್ಕೆ ನನ್ನ ಮೊದಲ ಆಯ್ಕೆ ಹೊಂಗೆ. ಸಾಧಾರಣವಾಗಿ 30ರಿಂದ 50 ಅಡಿ ಎತ್ತರ, ದಟ್ಟ ನೆರಳು. ಎಲೆ ಉದುರಿಸಿದರೂ ಸ್ವಲ್ಪ ದಿನಕ್ಕೆ ತಿಳಿ ಹಸಿರು ಚಿಗುರು ತಂದು, ಬಿಸಿಲು ಜೋರಾಗುವ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣನ್ನೂ ಸುಧಾರಿಸುತ್ತದೆ. ಬೆಳವಣಿಗೆ ತೀರಾ ನಿಧಾನವೂ ಅಲ್ಲ. ತಾಳ್ಮೆ ಇದ್ದರೆ ರಂಜ. ನಿಧಾನಕ್ಕೆ ಬರುತ್ತದೆ, ಆದರೆ ವರ್ಷವಿಡೀ ಹಸಿರು, ಮರ ಗಟ್ಟಿ, ಕೊಂಬೆ ಸುಮ್ನೆ ಮುರಿಯುವುದಿಲ್ಲ. ಹಗ್ಗದ ಸುತ್ತು ದೊಡ್ಡದಿದ್ದರೆ ಬೇವು. ನೀರು ನಿಲ್ಲುವ ಜಾಗ ಮಾತ್ರ ಅದಕ್ಕೆ ಆಗದು. ನೇರಳೆಯ ನೆರಳೂ ಸೊಗಸು, ಆದರೆ ಹಣ್ಣಿನ ಕಲೆ ನೆಲದಿಂದ ಹೋಗುವುದಿಲ್ಲ, ಕಾರು ನಿಲ್ಲಿಸುವ ಕಡೆ ಬೇಡ. ಆಲ, ಅರಳಿ, ಅತ್ತಿ ನನ್ನ ಮೆಚ್ಚಿನ ಮರಗಳು. ಹಕ್ಕಿಗಳಿಗೆ ಅಷ್ಟು ಆಸರೆ ಇನ್ನೊಂದಿಲ್ಲ. ಆದರೆ ಅವಕ್ಕೆ ಬಯಲು ಬೇಕು. ಗೋಡೆಯ ಪಕ್ಕ ನೆಟ್ಟು ಆಮೇಲೆ ಕಡಿಯುವುದು ಆ ಮರಕ್ಕೆ ಮಾಡುವ ಅನ್ಯಾಯ.

ಅಲ್ಲಿಯವರೆಗೆ ಬಿಸಿಲಿಗೆ ಏನು ಮಾಡುವುದು ಅಂತ ಕೇಳುತ್ತೀರಿ. ಗೋಡೆಯಿಂದ ಎರಡು ಅಡಿ ಬಿಟ್ಟು ಚಪ್ಪರ ಹಾಕಿ ಬಳ್ಳಿ ಹಬ್ಬಿಸಿ. ಒಂದೇ ವರ್ಷದಲ್ಲಿ ಗೋಡೆ ಮುಚ್ಚುತ್ತದೆ. ನಿಮಗೆ ಬೇಕಾದ ‘ಬೇಗ’ ಬಳ್ಳಿಯಿಂದ ಸಿಗುತ್ತದೆ. ಮರ ತನ್ನ ಪಾಡಿಗೆ ಬೆಳೆಯಲಿ.

ಪ್ರಶ್ನೆ: ಮರದ ಬೇರು ಮನೆಯ ಪಾಯ ಒಡೆಯುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಬೇರು ಹರಡದಂತೆ ಒಂದು ಪುಡಿ ಇದೆ ಅಂತ ಒಬ್ಬರು ಮಾರಲು ಬಂದಿದ್ದರು. ಹಾಕಬಹುದಾ?

ಆ ಪುಡಿ ತಂದವರನ್ನು ಗೇಟಿನ ಹೊರಗೇ ಕಳಿಸಿ. ಬೇರು ಸಾಯಿಸುವ ಪುಡಿ ಇರಬಹುದು, ಬೇರಿಗೆ ದಾರಿ ಹೇಳಿಕೊಡುವ ಪುಡಿ ಇಲ್ಲ. ಗಟ್ಟಿ ಪಾಯವನ್ನು ಬೇರು ಸಾಮಾನ್ಯವಾಗಿ ಒಡೆಯುವುದಿಲ್ಲ. ಅದು ಹೋಗುವುದು ನೀರು, ಗಾಳಿ ಸಿಗುವ ಕಡೆಗೆ, ಅದೂ ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಸೋರುವ ಕೊಳವೆ ಇದ್ದರೆ ಸಂದಿಯಲ್ಲಿ ನುಗ್ಗುತ್ತದೆ, ಹಾಗಾಗಿ ಮೊದಲು ಕೊಳವೆ ರಿಪೇರಿ ಮಾಡಿಸಿ. ನಿಜವಾಗಿ ಹುಷಾರಾಗಿರಬೇಕಾದವರು ಎರೆಮಣ್ಣಿನಲ್ಲಿ ಮನೆ ಕಟ್ಟಿದವರು. ಆ ಮಣ್ಣು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ದೊಡ್ಡ ಮರ ನೀರು ಹೀರಿ ಒಂದು ಕಡೆ ಮಾತ್ರ ಒಣಗಿಸಿದರೆ ಪಾಯ ಆ ಕಡೆ ಕುಸಿಯುತ್ತದೆ. ಎರೆಮಣ್ಣಿದ್ದರೆ ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಇಡಿ. ಜಾಗ ಇಲ್ಲವೇ? ಚಿಕ್ಕ ಮರ ನೆಡಿ.

ಪ್ರಶ್ನೆ: ಗಾಳಿಗೆ ಬೀಳದಿರಲಿ ಅಂತ ಮರದ ತಲೆ ಕಡಿಸಬೇಕು ಅನ್ನುತ್ತಾರೆ. ಎಷ್ಟು ಎತ್ತರಕ್ಕೆ ಕಡಿಸಲಿ?

ಕಡಿಸಲೇಬೇಡಿ. ತಲೆ ಕಡಿದ ಮರ ಹೆದರಿದ ಹಾಗೆ ಹತ್ತಾರು ಕೊಂಬೆ ಹೊರಡಿಸುತ್ತದೆ. ಅವು ಮರದ ತಿರುಳಿನಿಂದ ಬಂದವಲ್ಲ, ಹೊರಗಿನ ಪದರಕ್ಕೆ ಅಂಟಿಕೊಂಡವು. ಕೆಳಗೆ ಕಡಿದ ಜಾಗ ಕೊಳೆಯುತ್ತಿರುತ್ತದೆ, ಮೇಲೆ ಕೊಂಬೆ ಭಾರವಾಗುತ್ತಿರುತ್ತದೆ. ಐದಾರು ವರ್ಷಕ್ಕೆ ಮೊದಲಿಗಿಂತ ದೊಡ್ಡ ಅಪಾಯ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಗಾಯ ನೋಡಿದವರು. ಮರಕ್ಕೆ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ, ಕೆಟ್ಟ ಭಾಗಕ್ಕೆ ಸುತ್ತ ಗೋಡೆ ಕಟ್ಟಿ ಮರ ಮುಂದೆ ಬೆಳೆಯುತ್ತದೆ ಅಂತ ತೋರಿಸಿಕೊಟ್ಟರು. ಕೊಂಬೆ ತೆಗೆಯಬೇಕಾದರೆ ಅದು ಕಾಂಡಕ್ಕೆ ಸೇರುವಲ್ಲಿ ಇರುವ ಉಬ್ಬಿನ ಆಚೆ ಕತ್ತರಿಸಬೇಕು. ಉಬ್ಬನ್ನು ಮುಟ್ಟಬಾರದು, ಮೊಂಡು ತುಂಡೂ ಉಳಿಸಬಾರದು. ಗೋಡೆ ಕಟ್ಟುವ ಕೆಲಸ ಆ ಉಬ್ಬಿನಿಂದಲೇ ಆಗುವುದು. ಇದನ್ನು ಅರ್ಥ ಮಾಡಿಕೊಳ್ಳದೆ ಮಚ್ಚು ಹಿಡಿದು ಬರುವವರನ್ನು ಮರ ಹತ್ತಿಸಬೇಡಿ.

ಪ್ರಶ್ನೆ: ಕಡಿದ ಜಾಗಕ್ಕೆ ಡಾಂಬರು, ಬಣ್ಣ? ಪೊಟರೆಗೆ ಸಿಮೆಂಟ್?

ಎರಡೂ ಬೇಡ. ಬಣ್ಣ ಒದ್ದೆಯನ್ನು ಒಳಗೇ ಹಿಡಿದಿಡುತ್ತದೆ. ಸಿಮೆಂಟ್ ಮರದ ಜೊತೆ ಬಾಗುವುದಿಲ್ಲ, ಉಜ್ಜಿ ಗಾಯ ದೊಡ್ಡದು ಮಾಡುತ್ತದೆ.

ಪ್ರಶ್ನೆ: ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ, ಅದಕ್ಕೇ ಮನೆ ಮುಂದೆ ಇರಬೇಕು ಅನ್ನುತ್ತಾರಲ್ಲ?

ಆಮ್ಲಜನಕ ಹೊರಬರಲು ಬೆಳಕು ಬೇಕು. ರಾತ್ರಿ ಎಲ್ಲ ಮರವೂ ನಮ್ಮ ಹಾಗೇ ಉಸಿರಾಡುತ್ತದೆ, ಅರಳಿಯೂ ಅಷ್ಟೇ. ಇದೇ ಪ್ರಶ್ನೆಗೆ ನಾನು ಮತ್ತೆ ಉತ್ತರಿಸುವುದಿಲ್ಲ.

ಪ್ರಶ್ನೆ: ಎಲೆ ಉದುರದ ನೆರಳಿನ ಮರ ಯಾವುದು?

ಯಾವುದೂ ಇಲ್ಲ. ವರ್ಷವಿಡೀ ಹಸಿರಾಗಿರುವ ಮರ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತದೆ. ಗುಡಿಸಿ ಸುಡಬೇಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು, ಬುಡದ ಸುತ್ತ ಮೂರು ನಾಲ್ಕು ಇಂಚು ಹೊದಿಸಿ.

ಪ್ರಶ್ನೆ: ಬೇರು ಕಾಲುದಾರಿಯ ಕಲ್ಲು ಎತ್ತಿದೆ. ಬೇರು ಕಡಿಯಲೇ?

ಬೇರು ಬಿಟ್ಟು ದಾರಿಯನ್ನು ಸುತ್ತಿಸಿ ಹಾಕಿ, ಇಲ್ಲವೇ ಬೇರಿನ ಮೇಲೆ ಮರಳು ಹಾಸಿ ಕಲ್ಲು ಎತ್ತರಿಸಿ. ಬುಡದ ಹತ್ತಿರದ ದಪ್ಪ ಬೇರು ಮರವನ್ನು ನಿಲ್ಲಿಸಿರುವ ಬೇರು. ಅದನ್ನು ಕಡಿದ ಮೇಲೆ ಮರ ಹಸಿರಾಗೇ ಕಾಣುತ್ತದೆ, ಜೋರು ಗಾಳಿ ಬರುವವರೆಗೆ. ಈಗಾಗಲೇ ಕಡಿದಿದ್ದರೆ ಉತ್ತರಕ್ಕೆ ಕಾಯಬೇಡಿ. ಮರದ ಕೆಳಗೆ ಯಾರೂ ಕೂರದಂತೆ ನೋಡಿಕೊಳ್ಳಿ, ಈ ವಾರವೇ ತಿಳಿದವರನ್ನು ಕರೆಸಿ ತೋರಿಸಿ.