ಓದುಗರ ಪ್ರಶ್ನೆ: ಕ್ವಾರಿಯ ಮೇಲಂಚು ಬಿರುಕು ಬಿಟ್ಟರೆ

ಪ್ರಶ್ನೆ: ಚಿಕ್ಕಬಳ್ಳಾಪುರ ಕಡೆ ನಮ್ಮ ಗ್ರಾನೈಟ್ ಕ್ವಾರಿ ಇದೆ. ಮುಖ (ಕಡಿದ ಕಲ್ಲಿನ ಗೋಡೆ) ನೆಟ್ಟಗೆ 12 ಮೀಟರ್, ನಡುವೆ ಬೆಂಚಿಲ್ಲ, ಅಂದರೆ ಮೆಟ್ಟಿಲಿನಂತೆ ಕಡಿದಿಲ್ಲ. ಮೇಲಂಚಿನಿಂದ 2 ಮೀಟರ್ ಹಿಂದೆ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಕಲ್ಲು ಗಟ್ಟಿಯಾಗಿದೆ. ಕೆಳಗೆ ಕೆಲಸ ಮುಂದುವರಿಸಬಹುದೇ?

ಉತ್ತರ: ಬೇಡ. ಮೊದಲು ಬುಡದಲ್ಲಿರುವ ಜನ, ಕಂಪ್ರೆಸರ್, ಹಿಟಾಚಿ ಎಲ್ಲವನ್ನೂ ದೂರ ಸರಿಸಿ. ಮಿಕ್ಕ ಮಾತು ಆಮೇಲೆ.

ಕಲ್ಲು ಗಟ್ಟಿ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಇಂಥ ಮುಖ ಬೀಳುವುದು ಕಲ್ಲು ಪುಡಿಯಾಗಿ ಅಲ್ಲ. ಒಳಗೆ ಮೊದಲೇ ಇದ್ದ ಸೀಳಿನ ಮೇಲೆ ಇಡೀ ತುಂಡು ಜಾರಿಕೊಂಡು. ಗ್ರಾನೈಟ್ ಗುಡ್ಡಗಳಲ್ಲಿ ಗುಡ್ಡದ ಮೈಯನ್ನೇ ಅನುಸರಿಸಿ ಹಾಸುಹಾಸಾಗಿ ಸೀಳುಗಳಿರುತ್ತವೆ. ಇಳಿಜಾರನ್ನು ಕೊರೆದು ಒಳಹೋದರೆ ಆ ಹಾಸುಗಳು ಗುಂಡಿಯ ಕಡೆಗೇ ವಾಲಿರುತ್ತವೆ. ಮೇಲಿನ ಬಿರುಕು ಕೆಳಗಿನ ಅಂಥದೊಂದು ಹಾಸನ್ನು ಸೇರಿದೆಯೇ, ಆ ಹಾಸು ಮುಖದಲ್ಲಿ ಹೊರಬಿದ್ದಿದೆಯೇ ಎನ್ನುವುದೇ ನೋಡಬೇಕಾದ ವಿಷಯ. ಮುಖದ ಪಕ್ಕದ ಬದಿಯಿಂದ, ದೂರ ನಿಂತು ನೋಡಿದರೆ ಹಾಸಿನ ವಾಲು ಚೆನ್ನಾಗಿ ಕಾಣುತ್ತದೆ. ಅದು ಯಾವ ದಿಕ್ಕಿಗೆ ವಾಲಿದೆ ಎಂದು ದಿಕ್ಸೂಚಿ ಹಿಡಿದು ನೋಡುವಾಗ ಯಂತ್ರಗಳಿಂದ ದೂರವಿರಿ. ಕಬ್ಬಿಣ ಮುಳ್ಳನ್ನು ತಪ್ಪಿಸುತ್ತದೆ.

ಸ್ವಚ್ಛವಾದ ಗ್ರಾನೈಟ್ ಸೀಳಿನ ಘರ್ಷಣೆ ಕೋನ, ಅಂದರೆ ಬರೀ ಘರ್ಷಣೆಯ ಬಲದಲ್ಲಿ ತುಂಡು ಜಾರದೆ ನಿಲ್ಲುವ ಗರಿಷ್ಠ ವಾಲು, ಸುಮಾರು 30 ಡಿಗ್ರಿ. ಹಾಸು 25 ಡಿಗ್ರಿ ವಾಲಿದ್ದರೆ ಸುರಕ್ಷತಾ ಅಂಶ (ಹಿಡಿದಿಡುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದ್ದು) ಸುಮಾರು 1.24, 35 ಡಿಗ್ರಿ ಆದರೆ 0.82. ಒಂದಕ್ಕಿಂತ ಕಡಿಮೆ ಎಂದರೆ ಸೀಳಿನ ಉಬ್ಬುತಗ್ಗೋ, ಇನ್ನೂ ಬಿಡದ ಕಲ್ಲಿನ ಬೆಸುಗೆಯೋ ಅದನ್ನು ಹಿಡಿದಿದೆ, ಅಷ್ಟೇ. ಸೀಳಿನಲ್ಲಿ ಜೇಡಿ ತುಂಬಿ ಘರ್ಷಣೆ 18 ಡಿಗ್ರಿಗೆ ಇಳಿದರೆ 25 ಡಿಗ್ರಿಯ ಹಾಸೂ 0.7ಕ್ಕೆ ಬಂದುಬಿಡುತ್ತದೆ. ಹಾಗಾಗಿ ಸೀಳಿನಿಂದ ಕೆಂಪು ಮಣ್ಣುನೀರು ಒಸರುವುದು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಮಳೆ ಇದೆಲ್ಲಕ್ಕಿಂತ ಕೆಟ್ಟದ್ದು. ಬಿರುಕಿನಲ್ಲಿ 3 ಮೀಟರ್ ನೀರು ನಿಂತರೆ ಉದ್ದದ ಪ್ರತಿ ಮೀಟರಿಗೆ ಸುಮಾರು 4.5 ಟನ್ ಹೊರನೂಕುತ್ತದೆ. 6 ಮೀಟರ್ ನಿಂತರೆ 9 ಅಲ್ಲ, 18 ಟನ್.

ಇನ್ನು 12 ಮೀಟರ್ ಒಂದೇ ಮುಖ. 1961ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್‌ನ (ಕಲ್ಲಿದ್ದಲು, ತೈಲ ಬಿಟ್ಟು ಮಿಕ್ಕ ಗಣಿಗಳ ನಿಯಮಾವಳಿ) 106ನೇ ನಿಯಮದಂತೆ ಗಟ್ಟಿ ನೆಲದಲ್ಲೂ ಬೆಂಚಿನ ಎತ್ತರ 6 ಮೀಟರ್ ಮೀರಬಾರದು. ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು, ಮರ ಉಳಿಸಬಾರದು. ಬುಡ ತೋಡಿ ಮೇಲಿನದನ್ನು ಬೀಳಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಪ್ರಶ್ನೆ: ದುಬಾರಿ ಉಪಕರಣವಿಲ್ಲದೆ ಬಿರುಕನ್ನು ಅಳೆಯುವುದು ಹೇಗೆ?

ಉತ್ತರ: 12 ಮಿ.ಮೀ. ಸರಳು ಮೂರು ಸಾಕು. 30 ಸೆಂ.ಮೀ. ಆಳದ ರಂಧ್ರದಲ್ಲಿ ಸಿಮೆಂಟಿನಿಂದ ನಿಲ್ಲಿಸಿ: ಎರಡು ಹಿಂದಿನ ಗಟ್ಟಿ ಬದಿಗೆ, ಒಂದು ಮುಂದಿನ ತುಂಡಿಗೆ, ತ್ರಿಕೋನವಾಗಿ. ಎರಡೇ ಹಾಕಿದರೆ ಪಕ್ಕಕ್ಕೆ ಜಾರುವುದು ಗೊತ್ತಾಗದು. ತಲೆಯಲ್ಲಿ ಪಂಚ್ ಗುರುತು ಹೊಡೆದು, ಗುರುತಿನಿಂದ ಗುರುತಿಗೆ ಅಳೆಯಿರಿ. ಮುಂದಿನ ಸರಳನ್ನು ಕೂರಿಸುವವರ ಹಗ್ಗ ಹಿಂದಿನ ಬಂಡೆಗೆ ಕಟ್ಟಿರಲೇಬೇಕು. ತುಂಡು ಈಗಾಗಲೇ ಚಲಿಸುತ್ತಿದ್ದರೆ ಅದರ ಮೇಲೆ ಯಾರೂ ಕಾಲಿಡಬಾರದು. ದೂರದಿಂದ ಟೋಟಲ್ ಸ್ಟೇಷನ್‌ನಲ್ಲಿ (ಸರ್ವೆಯವರ ಅಳತೆ ಯಂತ್ರ) ಅಳೆಸಿ.

ಅಳತೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ. 20 ಡಿಗ್ರಿ ಬಿಸಿ ಏರಿದರೆ 1 ಮೀಟರ್ ಉಕ್ಕಿನ ಟೇಪು ಕಾಲು ಮಿ.ಮೀ. ಹಿಗ್ಗುತ್ತದೆ, ಬಂಡೆಯೂ ಅಲುಗುತ್ತದೆ. ಪಕ್ಕದಲ್ಲೇ ಮಳೆಯ ಅಳತೆ ಬರೆಯಿರಿ.

ನೋಡಬೇಕಾದದ್ದು ಅಗಲವಲ್ಲ, ವೇಗ. 40 ಮಿ.ಮೀ. ಬಿರುಕು ವರ್ಷಗಟ್ಟಲೆ ಸುಮ್ಮನಿರಬಹುದು; 5 ಮಿ.ಮೀ. ಬಿರುಕು ದಿನೇದಿನೇ ಹೆಚ್ಚು ಬಾಯಿ ಬಿಡುತ್ತಿದ್ದರೆ ಅಪಾಯ. ವೇಗದಿಂದ 1ನ್ನು ಭಾಗಿಸಿ ದಿನಗಳ ಎದುರು ಗೆರೆ ಎಳೆಯಿರಿ. ಬಿರುಕು ಮೊದಲ ದಿನ 2 ಮಿ.ಮೀ. ಬಾಯಿ ಬಿಟ್ಟು (1/2 = 0.5), ಮೂರನೇ ದಿನ 4 ಮಿ.ಮೀ. ಬಿಟ್ಟರೆ (1/4 = 0.25) ಗೆರೆ ಐದನೇ ದಿನ ಸೊನ್ನೆ ಮುಟ್ಟುತ್ತದೆ, ಕುಸಿತ ಆಸುಪಾಸಿನಲ್ಲೇ ಎಂದರ್ಥ. ಆದರೆ ಗ್ರಾನೈಟ್ ಅಷ್ಟು ಕಾಲಾವಕಾಶ ಕೊಡದೆಯೂ ಒಡೆಯುತ್ತದೆ. ವೇಗ ಏರಿದ್ದು ಕಂಡ ದಿನವೇ ಬುಡ ಖಾಲಿ ಮಾಡಿ, ಐದನೇ ದಿನ ಕಾಯಬೇಡಿ.

ಪ್ರಶ್ನೆ: ಬಿರುಕಿಗೆ ಸಿಮೆಂಟ್ ಹಾಲು ಸುರಿದರೆ ಆಗದೇ?

ಉತ್ತರ: ಆಗದು. ಸಿಮೆಂಟ್ ಹಾಲು ನೀರಿಗಿಂತ ಭಾರ, ಗಟ್ಟಿಯಾಗುವ ತನಕ ನೀರಿಗಿಂತ ಹೆಚ್ಚು ನೂಕುತ್ತದೆ. ನೀರು ಹೊರಹೋಗುವ ದಾರಿಯನ್ನೂ ಮುಚ್ಚುತ್ತದೆ. ಬಿರುಕಿನ ಹಿಂದೆ, ಗಟ್ಟಿ ಬದಿಯಲ್ಲಿ ಕಾಲುವೆ ತೆಗೆದು ಮಳೆನೀರು ತಿರುಗಿಸಿ. ಆಮೇಲೆ ಆ ತುಂಡನ್ನು ಮೇಲಿನಿಂದ ಕೆಳಕ್ಕೆ, ಹಿಂದಿನ ಬದಿಯಲ್ಲಿ ನಿಂತೇ ಇಳಿಸಬೇಕು. ಇದಕ್ಕೆ ಪರವಾನಗಿ ಪಡೆದ ಗಣಿ ವ್ಯವಸ್ಥಾಪಕರ ಲಿಖಿತ ಯೋಜನೆ ಇರಲಿ.