ಕೊಳೆ ರೋಗದ ಔಷಧಿ ಸಾವಯವಕ್ಕೆ ಸಲ್ಲುತ್ತದೆಯೇ?

ಪ್ರಶ್ನೆ: ಅಡಿಕೆ ತೋಟವನ್ನು ಸಾವಯವ ದೃಢೀಕರಣಕ್ಕೆ ಹಾಕಿದ್ದೇವೆ. ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಹೊಡೆಯಬಹುದೇ? ಅಂಗಡಿಯ ‘ಸಾವಯವ’ ಗೊಬ್ಬರ ತರಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹೊಡೆಯಬಹುದು, ಆದರೆ ಮೊದಲು ದೃಢೀಕರಣ ಸಂಸ್ಥೆಯ ಒಪ್ಪಿಗೆ ಪಡೆಯಿರಿ. ಮೈಲುತುತ್ತಿನಲ್ಲಿರುವ ತಾಮ್ರ ಮಣ್ಣಲ್ಲೇ ಉಳಿಯುತ್ತದೆ ಅಲ್ವಾ, ಅದಕ್ಕೇ ಈ ಕಟ್ಟುಪಾಡು. 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ನಾನು ಪ್ರತಿ ಸಲ ಕತ್ತಿ ಅದ್ದಿ ನೋಡುತ್ತೇನೆ. ಅಲಗಿಗೆ ಕೆಂಪು ಕೂತರೆ ಸುಣ್ಣದ ತಿಳಿ ಇನ್ನಷ್ಟು ಬೇಕು ಎಂದರ್ಥ. ಸುಮ್ನೆ ಜಾಸ್ತಿ ಸಲ ಹೊಡೆಯಬೇಡಿ.

ಚೀಲದ ಮೇಲಿನ ಹೆಸರನ್ನಂತೂ ನಂಬಬೇಡಿ. ನಾನೊಮ್ಮೆ ತಂದ ಗೊಬ್ಬರದಲ್ಲಿ ಯೂರಿಯಾ ಬೆರೆತಿತ್ತು. ತುಂಬಾ ನೊಂದುಕೊಂಡೆ. ಏನೇನು ಸೇರಿದೆ ಎಂದು ಬರೆಸಿಕೊಳ್ಳಿ, ಬಿಲ್ ಇಟ್ಟುಕೊಳ್ಳಿ, ಸಂಸ್ಥೆಗೆ ತೋರಿಸಿದ ಮೇಲೆ ಹಾಕಿ. ನಿಮ್ಮದೇ ಕೊಟ್ಟಿಗೆ ಗೊಬ್ಬರ, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಕು ಅಂದರೆ ಒಣ ಎಲೆ ಇದ್ದರೆ ಮೊದಲು ಅದನ್ನೇ ಬಳಸಿ.