ಮಕ್ಕಳು ಊರಿಗೆ ಹೋದಾಗ ನಾಯಿ ಸಾಗಿಸಬೇಡಿ ಮೇಡಂ

ಮೇಡಂ, ಈ ಭಾನುವಾರ ಬೇಡ. ದಯವಿಟ್ಟು.

ನೀವು ಬರೆದಿರುವುದು ಇಷ್ಟು: ಐದು ವರ್ಷದ ಲ್ಯಾಬ್ರಡಾರ್ (ಲ್ಯಾಬ್) ನಾಯಿ, ಮುಂದಿನ ತಿಂಗಳ ಕೊನೆಗೆ ಜೆಪಿ ನಗರದ ಮನೆ ಖಾಲಿ ಮಾಡಬೇಕು, ಹೊಸ ಮನೆಯ ಓನರ್ ನಾಯಿ ಬೇಡ ಅಂದಿದ್ದಾರೆ. ಮಕ್ಕಳು ದಸರಾ ರಜೆಗೆ ತುಮಕೂರಿನ ಅಜ್ಜಿ ಮನೆಯಲ್ಲಿದ್ದಾರೆ, ಅವರು ಬರುವಷ್ಟರಲ್ಲಿ, ಈ ಭಾನುವಾರವೇ ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟು, ತೋಟಕ್ಕೆ ಹೋಯಿತು ಅಂತ ಹೇಳಿದರಾಯಿತು. ನಾವೂ ಇದನ್ನೇ ಮಾಡಿದ್ದೆವು. ತೋಟದ ಸಮೇತ.

ನಮ್ಮದು ಬೀಗಲ್, ಪುಟ್ಟ ಅಂತ. ಮಾವನಿಗೆ ಸ್ಟ್ರೋಕ್ ಆದ ಮೇಲೆ ವಾಕಿಂಗ್ ಕರೆದುಕೊಂಡು ಹೋಗುವವರಿಲ್ಲ. ಬೀಗಲ್ ಸುಮ್ನೆ ಕೂರುವ ಜಾತಿಯಲ್ಲ, ಗೊತ್ತಲ್ವಾ. ಕೆಂಗೇರಿಯ ಒಂದು ಮನೆಯವರು ಒಪ್ಪಿದರು. ಕೊಡುವ ಹಿಂದಿನ ದಿನ ಸ್ನಾನ ಮಾಡಿಸಿ, ಹೊಸ ಬೆಲ್ಟ್, ಹೊಸ ಬಟ್ಟಲು, ಹೊಸ ಹಾಸಿಗೆ, ಎಲ್ಲಾ ಕೊಡಿಸಿದೆ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ. ಹಳೆಯ ಬೆಡ್‌ಶೀಟನ್ನು ನಾನೇ ಸೋಪಿನ ಪುಡಿಯಲ್ಲಿ ನೆನೆಹಾಕಿದೆ. ದೊಡ್ಡ ತಪ್ಪು ಅದೇ.

ನಾಲ್ಕನೇ ದಿನ ಅವರ ಫೋನ್. ನೀರು ಬಿಟ್ಟು ಏನೂ ಮುಟ್ಟುತ್ತಿಲ್ಲ, ಗೇಟ್ ಬಿಟ್ಟು ಏಳುತ್ತಿಲ್ಲ. ಅದಕ್ಕೆ ಗೊತ್ತಿರುವ ವಾಸನೆ ಇರುವ ಬಟ್ಟೆ ಒಂದಾದರೂ ಸಿಗಲಿ ಅಂತ ಮನೆಯೆಲ್ಲಾ ಹುಡುಕಿದೆ. ಎಲ್ಲಾ ಒಗೆದು ಮಡಚಿಟ್ಟಿದ್ದೆ. ಕೊನೆಗೆ ಮಗಳು ಊರಿಂದ ತಂದಿದ್ದ ಮಾಸಿದ ಫ್ರಾಕ್ ಬುಟ್ಟಿಯಲ್ಲಿ ಸಿಕ್ಕಿತು. ಸ್ಕೂಟಿಯಲ್ಲಿ ಒಯ್ದೆ. ನಿಮ್ಮನ್ನು ನೋಡಿದರೆ ಇನ್ನೂ ಜಾಸ್ತಿ ಆಗುತ್ತದೆ, ಮನೆ ಹತ್ತಿರ ಬರಬೇಡಿ ಅಂದಿದ್ದರು. ರಸ್ತೆ ತಿರುವಿನ ಬೇಕರಿ ಹತ್ತಿರವೇ ನಿಂತೆ. ಆದರೆ ಸ್ಕೂಟಿ ಸದ್ದು ಅದಕ್ಕೆ ಗೊತ್ತು. ಮೂರು ಮನೆ ಆಚೆಯಿಂದ ಊಳಿಡಲು ಶುರು ಮಾಡಿತು. ಬೇಕರಿಯವರು ಏನು ಬೇಕಮ್ಮಾ ಅಂತ ಎರಡು ಸಲ ಕೇಳಿದರು. ಒಂದು ಪ್ಯಾಕೆಟ್ ರಸ್ಕ್ ತಗೊಂಡು ಬಂದುಬಿಟ್ಟೆ.

ಆ ರಾತ್ರಿ ಫ್ರಾಕನ್ನು ಗದ್ದದ ಕೆಳಗೆ ಎಳೆದುಕೊಂಡು ಮಲಗಿತಂತೆ. ಬೆಳಿಗ್ಗೆ ಅರ್ಧ ಬಟ್ಟಲು ಮೊಸರನ್ನ ತಿಂದಿತು.

ಮನೆಯಲ್ಲಿ ನಡೆದದ್ದು ಇನ್ನೊಂದು. ಕೂದಲು ಕೂದಲು ಅಂತ ದಿನಾ ಗೊಣಗುತ್ತಿದ್ದ ಅತ್ತೆ, ಎರಡು ವಾರ ಕೊನೆಯ ಚಪಾತಿಯನ್ನು ಚೂರು ಮಾಡಿ ಹಿತ್ತಲ ಬಾಗಿಲಲ್ಲಿ ಇಡುತ್ತಿದ್ದರು. ಯಾರಿಗೆ ಅಂದರೆ, ಕಾಗೆಗೆ. ಮಗಳಿಗೆ ಯಜಮಾನರು ಕನಕಪುರದ ಹತ್ತಿರ ತೋಟ ಅಂದಿದ್ದರು. ನಾಲ್ಕು ತಿಂಗಳ ನಂತರ ಆ ದಾರಿಯಲ್ಲಿ ಹೋಗುವಾಗ ತೆಂಗಿನ ತೋಟ ಕಂಡಲ್ಲೆಲ್ಲಾ ಕಿಟಕಿ ಇಳಿಸಿ 'ಪುಟ್ಟಾ' ಅಂತ ಕೂಗುತ್ತಿದ್ದಳು. ನಾವಿಬ್ಬರೂ ಮುಂದೆ ನೋಡಿಕೊಂಡು ಕೂತಿದ್ದೆವು. ನಿಜ ಹೇಳಿದ್ದು ಅದಾದ ಮೇಲೆ ಒಂದು ವರ್ಷಕ್ಕೆ. ಅವಳು ಅತ್ತಿದ್ದು ನಾಯಿಗಲ್ಲ, ನಾವು ಸುಳ್ಳು ಹೇಳಿದ್ದಕ್ಕೆ.

ಅದಕ್ಕೇ ಹೇಳುತ್ತಿದ್ದೇನೆ, ಮಕ್ಕಳು ಬರಲಿ. ತಗೊಳ್ಳುವವರು ಒಂದೇ ಸಲ ಬಂದು ಎತ್ತಿಕೊಂಡು ಹೋಗುವುದು ಬೇಡ. ಎರಡು ಮೂರು ಸಲ ಬರಲಿ, ಒಂದು ವಾಕ್ ಅವರೇ ಕರೆದುಕೊಂಡು ಹೋಗಲಿ, ಆಮೇಲೆ ಒಂದು ರಾತ್ರಿ ಅವರ ಮನೆಯಲ್ಲಿ. ಕೊನೆಯ ದಿನ ಮಕ್ಕಳೇ ಬಟ್ಟಲು ಹಿಡಿದುಕೊಂಡು ಹೋಗಿ ಅದು ಮಲಗುವ ಜಾಗ ನೋಡಿ ಬರಲಿ. ಅಳುತ್ತಾರೆ, ಅಳಲಿ. ಮುಂದಿನ ಕೆಲವು ವಾರ ವೀಡಿಯೋ ಕಾಲ್ ಮಾಡಬೇಡಿ, ದನಿ ಕೇಳಿದರೆ ಮತ್ತೆ ಹುಡುಕಲು ಶುರು ಮಾಡುತ್ತದೆ. ಫೋಟೋ ಸಾಕು. ಮೂರು ದಿನ ಗಾಬರಿ, ಮೂರು ವಾರಕ್ಕೆ ರೂಢಿ, ಮೂರು ತಿಂಗಳಿಗೆ ತನ್ನ ಮನೆ ಅನ್ನುವ ಲೆಕ್ಕವಿದೆ. ಎಲ್ಲಾ ನಾಯಿಗೂ ಅಲ್ಲ. ಲ್ಯಾಬ್ ಬೇಗ ಹೊಂದಿಕೊಳ್ಳಬಹುದು, ವಯಸ್ಸಾದ ನಾಯಿಗೆ ಇನ್ನೂ ಸಮಯ ಬೇಕು.

ಇನ್ನೊಂದು, ವಿಜಯದಶಮಿಯಿಂದ ಸುಮಾರು ಇಪ್ಪತ್ತು ದಿನಕ್ಕೆ ದೀಪಾವಳಿ. ಹೊಸ ಮನೆ, ಹೊಸ ಜನ, ಮೇಲೆ ಪಟಾಕಿ. ಬೆಲ್ಟ್ ಕಿತ್ತುಕೊಂಡು ಓಡುವುದು ಆಗಲೇ. ಹಬ್ಬ ಮುಗಿಸಿ ಕೊಡಿ, ನಿಮಗೆ ಸಮಯ ಇದೆಯಲ್ವಾ. ಹೋಗುವಾಗ ಹಾರ್ನೆಸ್ (ಎದೆಗೆ ಸುತ್ತುವ ಬೆಲ್ಟ್) ಹಾಕಿ, ಬಿಲ್ಲೆಯ ಮೇಲೆ ತಗೊಳ್ಳುವವರ ನಂಬರ್ ಇರಲಿ.

ಈಗ ತಿನ್ನುತ್ತಿರುವ ಫುಡ್ಡನ್ನೇ ಒಂದು ಚೀಲ ಕಳಿಸಿ. ನನಗೆ ಪೆಡಿಗ್ರೀ ಅಷ್ಟಕ್ಕಷ್ಟೇ, ರಾಯಲ್ ಕ್ಯಾನಿನ್‌ಗೆ ಕೊಡುವ ದುಡ್ಡಿಗೆ ಮನೆಯಲ್ಲೇ ಕೋಳಿ ಅನ್ನ ಮಾಡಬಹುದು. ಆದರೆ ಬ್ರ್ಯಾಂಡ್ ಪಾಠ ಈಗ ಬೇಡ. ಬದಲಾಯಿಸುವುದಿದ್ದರೆ ಅವರೇ ನಿಧಾನಕ್ಕೆ ಏಳೆಂಟು ದಿನದಲ್ಲಿ ಬೆರೆಸಿ ಬದಲಾಯಿಸಲಿ. ಇಲ್ಲದಿದ್ದರೆ ಭೇದಿ ಆಗುತ್ತದೆ, ನಾಯಿ ಗಲೀಜು ಅನ್ನುವ ಹೆಸರು ಮೊದಲ ವಾರವೇ ಬರುತ್ತದೆ. ರೇಬೀಸ್ ಇಂಜೆಕ್ಷನ್ ಬುಕ್ಕು, ಮೈಗೆ ಹತ್ತುವ ಉಣ್ಣೆ ಹುಳಕ್ಕೆ ಮಾತ್ರೆ ಕೊನೆಗೆ ಕೊಟ್ಟ ತಾರೀಖು ಬರೆದುಕೊಡಿ. ಆ ಮಾತ್ರೆ ಸಿಂಪಾರಿಕಾ ಆದರೆ ತಿಂಗಳಿಗೊಂದು. ಹೆಣ್ಣಾಗಿದ್ದರೆ ಆಪರೇಷನ್ ಮಾಡಿಸದೆ ಕೊಡಲೇಬೇಡಿ. ಫ್ರೀ ಲ್ಯಾಬ್ ಅಂದ ತಕ್ಷಣ ಇನ್‌ಬಾಕ್ಸ್‌ಗೆ ಬರುವವರಲ್ಲಿ ಮರಿ ಮಾಡಿಸಿ ಮಾರುವವರೂ ಇರುತ್ತಾರೆ. ಮನೆ ತೋರಿಸಿ ಅಂದರೆ ನುಣುಚಿಕೊಳ್ಳುವವರಿಗೆ ಕೊಡಬೇಡಿ.

ಮೇಲೆ ಕಾಮೆಂಟ್‌ನಲ್ಲಿ 'ಮಕ್ಕಳನ್ನೂ ಹೀಗೇ ಕೊಡ್ತೀರಾ' ಅಂತ ಬರೆದಿರುವವರಿಗೆ: ನೀವು ಹೀಗೆ ಬೈಯುವುದಕ್ಕೇ ಜನ ಯಾರನ್ನೂ ಕೇಳದೆ ರಾತ್ರಿ ನಾಯಿಯನ್ನು ನೈಸ್ ರೋಡ್ ಪಕ್ಕ ಬಿಟ್ಟು ಹೋಗುವುದು. ತಿನ್ನಲು ಕುಡಿಯಲು ಇಲ್ಲದ ಕಡೆ ಹಾಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆ ಬರಲ್ಲ. ಈಯಮ್ಮ ಕೇಳುತ್ತಿದ್ದಾರೆ, ಅಷ್ಟಾದರೂ ಗೌರವ ಕೊಡಿ.

ಕೊನೆಗೊಂದು, ಮೇಡಂ. ಬೇಡ ಅಂದದ್ದು ನಿಜವಾಗಿ ಓನರ್ರಾ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಾ? ಅಸೋಸಿಯೇಷನ್ ಆಗಿದ್ದರೆ 2015ರ ಪ್ರಾಣಿ ಕಲ್ಯಾಣ ಮಂಡಳಿ ಸುತ್ತೋಲೆ ತೋರಿಸಿ, ಸಾಕು ನಾಯಿ ನಿಷೇಧ ಮಾಡುವಂತಿಲ್ಲ ಅಂತಲೇ ಇದೆ. ಓನರ್ ಆದರೆ ಒಂದು ಸಲ ಲ್ಯಾಬನ್ನೇ ಕರೆದುಕೊಂಡು ಹೋಗಿ ತೋರಿಸಿ, ಪೇಂಟಿಂಗ್ ಖರ್ಚು ನಮ್ಮದು ಅನ್ನಿ. ನಮ್ಮ ತಂಗಿಗೆ ಹಾಗೆ ಮನೆ ಸಿಕ್ಕಿದೆ.

ಆಗಲ್ಲ ಅಂದರೆ ಇನ್‌ಬಾಕ್ಸ್ ಮಾಡಿ, ನಾನೂ ಮನೆ ಹುಡುಕುತ್ತೇನೆ. ಅಷ್ಟರಲ್ಲಿ ಅದರ ಬೆಡ್‌ಶೀಟ್ ಮೆಷಿನ್‌ಗೆ ಹಾಕಿದ್ದರೆ ಈಗಲೇ ತೆಗೆಯಿರಿ.